ಹೊಳೆ ಯಾರದು, ಹಳಿ ಯಾರದು

ಕೇಳುಗರಿಗೆ ನಮಸ್ಕಾರ.

ಧಾರವಾಡದ ಕಡೆಯ ಎರೆಭೂಮಿಯಲ್ಲಿ ಬೆಳೆದ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿದ್ದ ಕಾಲವೊಂದಿತ್ತು. ವಿಲಾಯತಿಯ ಪೇಟೆಯಲ್ಲೂ ಆ ಮಾಲಿಗೆ 'ಕುಮಟಾ ಹತ್ತಿ' ಅಂತಲೇ ಹೆಸರು. 1861ರ ನಂತರ ಅದರ ಬೆಲೆ ಗಗನಕ್ಕೇರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರಲ್ಲ, ಅದರ ಹಿಂದೆ ಇದ್ದ ಕಾರಣಗಳಲ್ಲಿ ಈ ಹತ್ತಿಯೂ ಒಂದು. 1865ರಲ್ಲಿ ಬೆಲೆ ಕುಸಿಯಿತು, ಮುಂಬಯಿಯ ಷೇರು ಪೇಟೆ ಮಕಾಡೆ ಮಲಗಿತು. ಏರಿದ್ದಕ್ಕೂ ಇಳಿದದ್ದಕ್ಕೂ ಕಾರಣ ಒಂದೇ: ಅಮೆರಿಕದ ಅಂತರ್ಯುದ್ಧ. ದಕ್ಷಿಣದ ಬಂದರುಗಳಿಗೆ ಉತ್ತರದ ನೌಕಾಪಡೆ ಕಾವಲು ಹಾಕಿ ಹತ್ತಿ ಹೊರಗೆ ಹೋಗದಂತೆ ತಡೆದಿತ್ತು.

ಗುಲಾಮಗಿರಿಯನ್ನು ಉಳಿಸಿಕೊಳ್ಳಬೇಕೆಂದು 11 ದಕ್ಷಿಣ ರಾಜ್ಯಗಳು ಒಕ್ಕೂಟದಿಂದ ಹೊರನಡೆದವು. 1861ರ ಏಪ್ರಿಲ್ 12ರಂದು ಒಕ್ಕೂಟದ ಸಮ್ಟರ್ ಕೋಟೆಯ ಮೇಲೆ ಅವರ ಫಿರಂಗಿ ಸಿಡಿಯಿತು. ನಾಲ್ಕು ವರ್ಷದಲ್ಲಿ ಕಡಿಮೆಯೆಂದರೂ 6,20,000 ಸೈನಿಕರು ಸತ್ತರು. ಗುಂಡೇಟಿಗಿಂತ ಭೇದಿ, ವಿಷಮಶೀತಜ್ವರ, ಮಲೇರಿಯಾಗಳಿಗೆ ಬಲಿಯಾದವರೇ ಹೆಚ್ಚು. ಈ ಯುದ್ಧವೆಂದರೆ ಎಲ್ಲರೂ ಗೆಟ್ಟಿಸ್‌ಬರ್ಗ್ ಕಾಳಗ ಎನ್ನುತ್ತಾರೆ. ನನ್ನ ಲೆಕ್ಕ ಬೇರೆ. ಯುದ್ಧ ತೀರ್ಮಾನವಾದದ್ದು ಹೊಳೆ ಮತ್ತು ಹಳಿಗಳ ಮೇಲೆ. ಲಕ್ಷ ಜನರಿಗೆ ಅನ್ನ, ಕುದುರೆಗಳಿಗೆ ಮೇವು, ಫಿರಂಗಿಗಳಿಗೆ ಮದ್ದು ಯಾವ ದಾರಿಯಲ್ಲಿ ಬರುತ್ತದೋ ಆ ದಾರಿ ಯಾರ ಕೈಯಲ್ಲಿದೆ ಅನ್ನುವುದೇ ಪ್ರಶ್ನೆ.

ಮೊದಲು ಆ ಸೈನಿಕನ ಕೈಯಲ್ಲಿದ್ದ ಕೋವಿಯನ್ನು ನೋಡೋಣ. ನಮ್ಮ ಮಲೆನಾಡಿನ ಹಳೇ ಮನೆಗಳಲ್ಲಿ ಇದ್ದ ಕೇಪಿನ ಕೋವಿಯ ಜಾತಿಯದೇ ಅದು, ಬಾಯಿಯಿಂದ ತುಂಬುವುದು. ಕಾಗದದ ತೋಟಾವನ್ನು ಹಲ್ಲಿನಿಂದ ಹರಿಯಬೇಕು, ಮದ್ದನ್ನು ನಳಿಗೆಗೆ ಸುರಿಯಬೇಕು, ಗುಂಡು ಬಿಟ್ಟು ಸರಳಿನಿಂದ ಜಡಿಯಬೇಕು, ಸರಳನ್ನು ಹೊರಗೆಳೆದು ಅದರ ಜಾಗಕ್ಕೆ ಸೇರಿಸಬೇಕು, ಕಿಡಿ ಹಚ್ಚುವ ಕೇಪು ಇಟ್ಟು ಹೊಡೆಯಬೇಕು. ಪಳಗಿದವನು ನಿಮಿಷಕ್ಕೆ ಮೂರು ಈಡು ಹೊಡೆಯುತ್ತಿದ್ದ. ವ್ಯತ್ಯಾಸ ಇದ್ದದ್ದು ನಳಿಗೆಯ ಒಳಗೆ. ಅಲ್ಲಿ ಸುರುಳಿ ಗೀರುಗಳಿದ್ದವು. ಮಿನಿಯೆ ಎಂಬ ಗುಂಡಿನ ತಳ ಟೊಳ್ಳು, ಮದ್ದು ಉರಿದಾಗ ಅದು ಅರಳಿ ಗೀರಿಗೆ ಕಚ್ಚಿ ತಿರುಗುತ್ತಾ ಹೊರಡುತ್ತಿತ್ತು. ಹಳೆಯ ಕೋವಿಗೆ ನೂರು ಗಜ ದಾಟಿದರೆ ಗುರಿಯ ಭರವಸೆ ಇರಲಿಲ್ಲ, ಇದು ಮುನ್ನೂರು ಗಜಕ್ಕೂ ಕೊಲ್ಲುತ್ತಿತ್ತು.

ಆದರೆ ಗದ್ದಲದಲ್ಲಿ ಕೈ ತಪ್ಪುತ್ತದೆ. ಕೇಪು ಇಡಲು ಮರೆತವನಿಗೆ ತನ್ನ ಈಡು ಹಾರಿಲ್ಲ ಅನ್ನುವುದೇ ಗೊತ್ತಾಗುವುದಿಲ್ಲ. ಅದರ ಮೇಲೆ ಇನ್ನೊಂದು ತುಂಬುತ್ತಾನೆ, ಮತ್ತೊಂದು ತುಂಬುತ್ತಾನೆ. ಗೆಟ್ಟಿಸ್‌ಬರ್ಗ್ ಬಯಲಿನಿಂದ ಆಯ್ದು ತಂದ 27,574 ಕೋವಿಗಳಲ್ಲಿ ಸುಮಾರು 24,000 ತುಂಬಿಯೇ ಇದ್ದವು. ಅವುಗಳಲ್ಲಿ ಅರ್ಧದಷ್ಟಕ್ಕೆ ಎರಡೆರಡು ಈಡು. ಒಂದರಲ್ಲಂತೂ 23.

ಈಗ ಹೊಳೆಗೆ ಬರೋಣ. ತುಂಗೆ, ಭದ್ರೆ ಒಂದೇ ಮೂಲದಲ್ಲಿ ಹುಟ್ಟಿ ಬೇರೆಯಾಗಿ ಹರಿದು ಕೂಡ್ಲಿಯಲ್ಲಿ ಸೇರುತ್ತವೆ. ಅಮೆರಿಕದಲ್ಲಿ ಟೆನೆಸ್ಸೀ ಮತ್ತು ಕಂಬರ್ಲೆಂಡ್ ಎಂಬ ಎರಡು ನದಿಗಳು ಒಂದು ಕಡೆ 12 ಮೈಲಿ ಅಂತರದಲ್ಲಿ ಜೊತೆಜೊತೆಯಾಗಿ ಹರಿದು, ಎರಡೂ ಒಹಾಯೊ ನದಿಗೆ ಬೀಳುತ್ತವೆ. ಅವು ದಕ್ಷಿಣದವರ ಹಿತ್ತಿಲ ಬಾಗಿಲು. ಟೆನೆಸ್ಸೀಗೆ ಹೆನ್ರಿ ಕೋಟೆ, ಕಂಬರ್ಲೆಂಡಿಗೆ ಡೊನೆಲ್ಸನ್ ಕೋಟೆ ಕಾವಲು. ಹೆನ್ರಿಯನ್ನು ಕಟ್ಟಿದವರು ತಗ್ಗಿನಲ್ಲಿ ಕಟ್ಟಿದರು. ಹೊಳೆದಂಡೆಯಲ್ಲಿ ಮನೆ ಕಟ್ಟುವಾಗ ಹಳೆಯ ನೆರೆಯ ಗುರುತು ಕೇಳದೆ ಪಾಯ ತೆಗೆಯುವವರು ನಮ್ಮಲ್ಲೂ ಇದ್ದಾರೆ ಬಿಡಿ. 1862ರ ಫೆಬ್ರವರಿ 6ರಂದು ಉತ್ತರದವರ ಫೂಟ್ ಎಂಬ ನೌಕಾಧಿಕಾರಿ ಏಳು ಫಿರಂಗಿ ದೋಣಿಗಳನ್ನು ತಂದಾಗ ಕೋಟೆಯೊಳಗೇ ನೆರೆನೀರು. ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಹೊಡೆದಾಟ, ಅಷ್ಟಕ್ಕೇ ಕೋಟೆ ಶರಣಾಯಿತು. ಉತ್ತರದವರ ಜನರಲ್ ಗ್ರಾಂಟನ ಕಾಲಾಳುಗಳು ಆಗ ಇನ್ನೂ ಕೆಸರಿನಲ್ಲಿ ಕಾಲು ಕೀಳುತ್ತಿದ್ದರು. ಶರಣಾಗತಿ ಪಡೆಯಲು ಹೋದ ದೋಣಿ ಕೋಟೆಬಾಗಿಲಿನಲ್ಲೇ ತೇಲಿಕೊಂಡು ಒಳಗೆ ಹೋಯಿತು.

ಅದೇ ಫೂಟನ ದೋಣಿಗಳು ಎಂಟು ದಿನ ಬಿಟ್ಟು ಡೊನೆಲ್ಸನ್ನಿನಲ್ಲಿ ಸೋತವು. ಆ ಕೋಟೆ ದಿಬ್ಬದ ಮೇಲಿತ್ತು. ಫೂಟ್ ಹುಮ್ಮಸ್ಸಿನಲ್ಲಿ 400 ಗಜದವರೆಗೆ ಹತ್ತಿರ ಹೋದ. ದೋಣಿಗಳ ಪಕ್ಕಕ್ಕೆ ಕಬ್ಬಿಣದ ಹೊದಿಕೆ ಇತ್ತು, ಮೇಲಿನಿಂದ ಬೀಳುವ ಗುಂಡಿಗೆ ಅದು ಆಸರೆಯಲ್ಲ. ಇವರ ಗುಂಡುಗಳು ಕೋಟೆಯ ತಲೆಯ ಮೇಲೆ ಹಾರಿಹೋದವು. ಮಾರನೇ ದಿನ ಒಳಗಿದ್ದವರು ಹೊರಬಿದ್ದು, ಟೆನೆಸ್ಸೀ ರಾಜ್ಯದ ರಾಜಧಾನಿ ನ್ಯಾಶ್‌ವಿಲ್ಲಿನ ದಾರಿಯನ್ನು ತೆರೆದೇಬಿಟ್ಟರು. ತೆರೆದ ಮೇಲೆ ಹೋಗಬೇಕಿತ್ತು. ಅವರ ಜನರಲ್ ಪಿಲ್ಲೋ, ಎಲ್ಲರೂ ವಾಪಸ್ ಕಂದಕಕ್ಕೆ ಬನ್ನಿ ಎಂದ. ಅಂದು ರಾತ್ರಿ ಆತ, ಅವನ ಮೇಲಿನ ಜನರಲ್ ಫ್ಲಾಯ್ಡ್ ಇಬ್ಬರೂ ನದಿ ದಾಟಿ ಪರಾರಿ. 16ರಂದು, 12,000ಕ್ಕೂ ಹೆಚ್ಚು ಸೈನಿಕರನ್ನು ಒಪ್ಪಿಸುವ ಕೆಲಸ ಮೂರನೆಯವನಾದ ಬಕ್ನರ್ ಪಾಲಿಗೆ ಬಂತು. ಹತ್ತು ದಿನದೊಳಗೆ ನ್ಯಾಶ್‌ವಿಲ್ ಉತ್ತರದವರ ಕೈಸೇರಿತು.

ಏಪ್ರಿಲ್ 6 ಮತ್ತು 7ರಂದು ಟೆನೆಸ್ಸೀ ನದಿಯ ಹತ್ತಿರದ ಶೈಲೋದಲ್ಲಿ ದಕ್ಷಿಣದವರು ತಿರುಗಿ ಬಿದ್ದರು. ಎರಡು ದಿನಕ್ಕೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 23,000 ದಾಟಿತು. ಅವರ ಸೇನಾಪತಿ ಆಲ್ಬರ್ಟ್ ಸಿಡ್ನಿ ಜಾನ್‌ಸ್ಟನ್ನನ ಮಂಡಿಯ ಹಿಂದಿನ ರಕ್ತನಾಳಕ್ಕೆ ಗುಂಡು ತಗುಲಿತು. ತನ್ನ ವೈದ್ಯನನ್ನು ಗಾಯಾಳುಗಳ ಕಡೆಗೆ ಆತನೇ ಕಳಿಸಿದ್ದ. ರಕ್ತ ಬೂಟಿನೊಳಗೆ ಇಳಿಯುತ್ತಿದ್ದುದು ಯಾರಿಗೂ ಕಾಣಲಿಲ್ಲ. ಬಿಗಿದು ಕಟ್ಟುವ ಪಟ್ಟಿ ಅವನ ಜೇಬಿನಲ್ಲೇ ಇತ್ತು.

ಪೂರ್ವದಲ್ಲಿ ಆ ವರ್ಷ ನಡೆದ ಕಾಳಗಗಳಲ್ಲಿ ಆಂಟೀಟಮ್ ಒಂದನ್ನು ಹೇಳಿ ಮುಂದೆ ಹೋಗುತ್ತೇನೆ. ಸೆಪ್ಟೆಂಬರ್ 17, ಒಂದೇ ದಿನಕ್ಕೆ ಎರಡೂ ಕಡೆ ಸೇರಿ 22,000ಕ್ಕೂ ಮೀರಿದ ಸಾವುನೋವು. ಯುದ್ಧಕಲೆಯ ದೃಷ್ಟಿಯಿಂದ ಗೆಲುವೂ ಅಲ್ಲ, ಸೋಲೂ ಅಲ್ಲ. ಆದರೆ ಪೂರ್ವದಲ್ಲಿ ದಕ್ಷಿಣದವರ ಸೇನಾಪತಿಯಾಗಿದ್ದ ಲೀ ಹಿಂದಕ್ಕೆ ಹೋದ. ಐದು ದಿನದ ನಂತರ ಲಿಂಕನ್ ಗುಲಾಮರ ವಿಮೋಚನೆಯ ಮೊದಲ ಘೋಷಣೆ ಹೊರಡಿಸಿದ, 1863ರ ಜನವರಿ 1ರಿಂದ ಅದು ಜಾರಿಗೆ ಬಂತು. ಗುಲಾಮಗಿರಿಯ ಪರವಾಗಿ ನಿಲ್ಲುವುದು ಇಂಗ್ಲೆಂಡಿಗೂ ಫ್ರಾನ್ಸಿಗೂ ಆಮೇಲೆ ಕಷ್ಟವಾಯಿತು.

ವಿಕ್ಸ್‌ಬರ್ಗ್ ಕಥೆಯನ್ನು ಮಾತ್ರ ನಿಧಾನವಾಗಿ ಹೇಳಬೇಕು. ಮಿಸಿಸಿಪ್ಪಿ ನದಿ ಹೇರ್‌ಪಿನ್ ತಿರುವಿನ ಹಾಗೆ ಬಳುಕುವ ಜಾಗ. ಆಗುಂಬೆ ಘಾಟಿ ಇಳಿದವರಿಗೆ ಆ ತಿರುವು ಹೇಗಿರುತ್ತದೆಂದು ಗೊತ್ತು. ದೋಣಿ ಅಲ್ಲಿ ವೇಗ ಇಳಿಸಲೇಬೇಕು. ಮೇಲೆ ಸುಮಾರು 200 ಅಡಿ ಎತ್ತರದ ದಿಬ್ಬದ ಮೇಲೆ ಪಟ್ಟಣ, ಸಾಲಾಗಿ ಫಿರಂಗಿಗಳು. ಪಶ್ಚಿಮದ ರಾಜ್ಯಗಳಿಂದ ದಕ್ಷಿಣದವರಿಗೆ ದನ, ಧಾನ್ಯ ಬರುತ್ತಿದ್ದುದು ಈ ಕಡವಿನಿಂದಲೇ.

ಗ್ರಾಂಟ್ ಚಳಿಗಾಲವಿಡೀ ಸೋಲುತ್ತಲೇ ಇದ್ದ. ತಿರುವಿನ ಕುತ್ತಿಗೆಗೆ ಅಡ್ಡವಾಗಿ ಕಾಲುವೆ ತೋಡಿ ಫಿರಂಗಿಗಳನ್ನು ತಪ್ಪಿಸಿಕೊಂಡು ಹೋಗೋಣ ಅನ್ನುವುದು ಒಂದು ಉಪಾಯ. ಕಾಲುವೆಯ ಬಾಯಿ ನೀರು ಸುಳಿ ತಿರುಗುವ ಕಡೆ ಬಿತ್ತು. ಸೆಳವು ನೇರವಾಗಿ ನುಗ್ಗಿದರೆ ಹೊಳೆಯೇ ಮಣ್ಣು ಕೊರೆದು ಕಾಲುವೆಯನ್ನು ಅಗಲ ಮಾಡುತ್ತದೆ, ಸುಳಿಯಲ್ಲಿ ಆ ಕೆಲಸ ಆಗುವುದಿಲ್ಲ. ಮಾರ್ಚಿನ ನೆರೆಗೆ ಒಡ್ಡು ಒಡೆದು ಕೆಲಸಗಾರರ ಬಿಡಾರವೆಲ್ಲ ಮುಳುಗಿತು. ಅಷ್ಟರಲ್ಲಿ ಕಾಲುವೆಯ ಕೆಳತುದಿಗೆ ಎದುರಾಗಿ ಶತ್ರುಗಳು ಫಿರಂಗಿ ಇಟ್ಟಿದ್ದರು. ತಮಾಷೆಯೆಂದರೆ 1876ರಲ್ಲಿ ಆ ಕುತ್ತಿಗೆಯನ್ನು ಹೊಳೆ ತಾನಾಗಿಯೇ ಕಡಿದು, ವಿಕ್ಸ್‌ಬರ್ಗನ್ನು ಬಿಟ್ಟು ಬೇರೆ ದಾರಿ ಹಿಡಿಯಿತು.

ಕೊನೆಗೆ 1863ರ ಏಪ್ರಿಲ್ 16ರ ರಾತ್ರಿ ಉತ್ತರದ ನೌಕಾಧಿಕಾರಿ ಪೋರ್ಟರ್‌ನ ಹಡಗುಗಳು ದೀಪವಾರಿಸಿ ಕೋಟೆಯ ಕೆಳಗೇ ತೇಲಿದವು. ಬಾಯ್ಲರ್ ಸುತ್ತ ಹತ್ತಿ ಮೂಟೆ, ಒದ್ದೆ ಹುಲ್ಲು ಪೇರಿಸಿ, ಪಕ್ಕಕ್ಕೆ ಕಲ್ಲಿದ್ದಲಿನ ದೋಣಿ ಕಟ್ಟಿದ್ದರು. ದಕ್ಷಿಣದವರು ಎದುರು ದಡದ ಮನೆಗಳಿಗೆ ಬೆಂಕಿ ಇಟ್ಟು ಬೆಳಕು ಮಾಡಿಕೊಂಡು ಹೊಡೆದರು. ಮುಳುಗಿದ್ದು ಒಂದು ಸರಕು ಹಡಗು. ಇತ್ತ ಸೈನ್ಯ ಪಶ್ಚಿಮದ ದಡದಲ್ಲಿ ನಡೆದೇ ದಕ್ಷಿಣಕ್ಕೆ ಬಂದಿತ್ತು. ಅದೇ ಹೊತ್ತಿಗೆ ಗ್ರಿಯರ್‌ಸನ್ ಎಂಬಾತ 1,700 ಕುದುರೆ ಸವಾರರೊಂದಿಗೆ ಶತ್ರುವಿನ ನಾಡಿನ ನಡುವೆ 16 ದಿನದಲ್ಲಿ 600 ಮೈಲಿ ಓಡಿ, ಹಳಿ ಕಿತ್ತು, ತಂತಿ ಕಡಿದು ಎಲ್ಲರ ಗಮನ ತನ್ನ ಕಡೆಗೆ ಎಳೆದುಕೊಂಡ.

ಶರಾವತಿ ಹಿನ್ನೀರಿನ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದವರಿಗೆ ಗೊತ್ತು, ದಾಟುವುದಕ್ಕಿಂತ ದಾಟಿದ ಮೇಲೆ ಆ ದಡದಲ್ಲಿ ರಸ್ತೆ ಇದೆಯೇ ಅನ್ನುವುದು ಮುಖ್ಯ. ಬ್ರೂಯಿನ್ಸ್‌ಬರ್ಗಿನಲ್ಲಿ ಇಳಿದರೆ ಒಣದಾರಿ ಇದೆ ಎಂದು ಗ್ರಾಂಟನಿಗೆ ಹೇಳಿದವನು ಒಬ್ಬ ಕಪ್ಪುಜನಾಂಗದ ಸ್ಥಳೀಯ. ಏಪ್ರಿಲ್ 30ರಂದು ಸೈನ್ಯ ದಾಟಿತು. ಮೇ 1ರಿಂದ 17ರೊಳಗೆ ಐದು ಕಾಳಗ: ಪೋರ್ಟ್ ಗಿಬ್ಸನ್, ರೇಮಂಡ್, ಜ್ಯಾಕ್ಸನ್, ಚಾಂಪಿಯನ್ ಹಿಲ್, ಬಿಗ್ ಬ್ಲ್ಯಾಕ್ ಸೇತುವೆ. ಐದರಲ್ಲೂ ಗೆಲುವು. ಗ್ರಾಂಟ್ ನೇರವಾಗಿ ವಿಕ್ಸ್‌ಬರ್ಗಿಗೆ ನುಗ್ಗದೆ ಮೊದಲು ಪೂರ್ವದ ಜ್ಯಾಕ್ಸನ್ನಿಗೆ ಹೋದದ್ದು ಯಾಕೆ? ವಿಕ್ಸ್‌ಬರ್ಗಿಗೆ ಜನ, ಸಾಮಾನು ಬರುವ ರೈಲು ಅಲ್ಲಿಂದಲೇ ಬರುತ್ತಿತ್ತು. ಎದುರಾಳಿ ಪೆಂಬರ್ಟನ್ನನಿಗೆ ಇಬ್ಬರು ಯಜಮಾನರು. ಊರು ಬಿಡಬೇಡ ಎಂದು ದಕ್ಷಿಣದವರ ಅಧ್ಯಕ್ಷ ಡೇವಿಸ್, ಊರು ಬಿಟ್ಟು ನನ್ನನ್ನು ಸೇರಿಕೋ ಎಂದು ಜನರಲ್ ಜೋಸೆಫ್ ಜಾನ್‌ಸ್ಟನ್. ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂದು ಹೊರಟವನಿಗೆ ಮಳೆಗೆ ಹಳ್ಳದ ಸೇತುವೆ ಕೊಚ್ಚಿಹೋಗಿ ಒಂದು ದಿನ ಹಾಳಾಯಿತು.

ಮೇ 19, 22ರಂದು ನೇರ ದಾಳಿ ಮಾಡಿ ಗ್ರಾಂಟ್ ಪೆಟ್ಟು ತಿಂದ. ಆಮೇಲೆ ಮುತ್ತಿಗೆ. ಊರಿನವರು ದಿಬ್ಬದ ಮಣ್ಣಿನಲ್ಲಿ ಗುಹೆ ಕೊರೆದು ಬದುಕಿದರು, ಹೇಸರಗತ್ತೆಯ ಮಾಂಸ ತಿಂದರು, ಕಾಗದ ಮುಗಿದು ಪತ್ರಿಕೆಯನ್ನು ಗೋಡೆಗೆ ಅಂಟಿಸುವ ಕಾಗದದ ಹಿಂಬದಿಗೆ ಅಚ್ಚು ಹಾಕಿದರು. 47ನೇ ದಿನ, ಜುಲೈ 4ರಂದು, ಸುಮಾರು 29,000 ಜನ ಆಯುಧ ಕೆಳಗಿಟ್ಟರು. ಐದು ದಿನದಲ್ಲಿ ಅದೇ ನದಿಯ ಮೇಲಿನ ಇನ್ನೊಂದು ಕೋಟೆ ಪೋರ್ಟ್ ಹಡ್ಸನ್ನೂ ಬಿತ್ತು. ಮಿಸಿಸಿಪ್ಪಿ ಪೂರ್ತಿ ಉತ್ತರದವರದಾಯಿತು, ದಕ್ಷಿಣ ಸೀಳಿ ಎರಡಾಯಿತು.

ವಿಕ್ಸ್‌ಬರ್ಗ್ ಶರಣಾಗುವುದಕ್ಕೆ ಹಿಂದಿನ ಮೂರು ದಿನ ಗೆಟ್ಟಿಸ್‌ಬರ್ಗಿನಲ್ಲಿ 50,000ದಷ್ಟು ಸಾವುನೋವಾಗಿತ್ತು. ಮೂರನೇ ದಿನ ಲೀ ಸುಮಾರು 12,500 ಜನರನ್ನು ಮುಕ್ಕಾಲು ಮೈಲಿ ಬಯಲಿನಲ್ಲಿ ನಡೆಸಿದ. ಅದಕ್ಕೂ ಮೊದಲು ಹೊಡೆದ ಫಿರಂಗಿಗಳ ಗುಂಡುಗಳು ಹೊಗೆಯ ಮರೆಯಲ್ಲಿ ಗುರಿ ದಾಟಿ ಹಿಂದೆ ಬಿದ್ದವು, ಅದು ಯಾರಿಗೂ ತಿಳಿಯಲಿಲ್ಲ. ಹೊರಟವರಲ್ಲಿ ಅರ್ಧ ಜನ ಮರಳಲಿಲ್ಲ. ದೊಡ್ಡ ಕಾಳಗ, ಒಪ್ಪೋಣ. ಆದರೆ ಲೀ ಸೈನ್ಯದೊಂದಿಗೆ ಮನೆಗೆ ಹೋದ, ಪೆಂಬರ್ಟನ್ನನ ಸೈನ್ಯವೇ ಉಳಿಯಲಿಲ್ಲ.

ಇನ್ನು ಹಳಿ. ತಾಳಗುಪ್ಪದ ಹಳಿ ಮೀಟರ್ ಗೇಜ್ ಆಗಿದ್ದ ಕಾಲ ನೋಡಿದವರಿಗೆ, ಒಂದು ಗೇಜಿನ ಗಾಡಿ ಇನ್ನೊಂದರ ಮೇಲೆ ಓಡದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ದಕ್ಷಿಣದವರ ಗೋಳು ಅದೇ. ಕೆಲವು ಕಡೆ 5 ಅಡಿ, ಕೆಲವು ಕಡೆ 4 ಅಡಿ ಎಂಟೂವರೆ ಅಂಗುಲ. ಜೋಳದ ಮೂಟೆ ಒಂದರಿಂದ ಇಳಿಸಿ ಇನ್ನೊಂದಕ್ಕೆ ಹೊರಬೇಕು. 1864ರಲ್ಲಿ ಉತ್ತರದ ಜನರಲ್ ಶರ್ಮನ್ ಅಟ್ಲಾಂಟಾಕ್ಕೆ ಹೋದಾಗ 1,00,000 ಜನ, 35,000 ಪ್ರಾಣಿಗಳನ್ನು 473 ಮೈಲಿ ಉದ್ದದ ಒಂದೇ ಜೋಡಿ ಹಳಿ 196 ದಿನ ಸಾಕಿತು. ಹಾಗಾಗಿ ಹಳಿ ಹಾಳು ಮಾಡುವುದೂ ಒಂದು ಕಸುಬಾಯಿತು. ಹಳಿ ಕಿತ್ತು, ಅಡಿಮರಗಳನ್ನು ರಾಶಿ ಹಾಕಿ ಬೆಂಕಿ ಕೊಟ್ಟು, ಅದರ ಮೇಲೆ ಹಳಿಯ ನಡುಭಾಗ ಕೆಂಪಗಾಗುವವರೆಗೆ ಕಾಯಿಸಿ, ಮರಕ್ಕೆ ಸುತ್ತುವುದು. ಬರೀ ಬಗ್ಗಿಸಿದರೆ ಸಾಲದು, ಕಮ್ಮಾರ ಮತ್ತೆ ನೇರ ಮಾಡಿಬಿಡುತ್ತಾನೆ. ತಿರುಚಬೇಕು. ಸೆಪ್ಟೆಂಬರ್ 2ರಂದು ಅಟ್ಲಾಂಟಾ ಬಿತ್ತು. ಅದು ಬೀಳದಿದ್ದರೆ ನವೆಂಬರಿನ ಚುನಾವಣೆಯಲ್ಲಿ ಲಿಂಕನ್ ಗೆಲ್ಲುವುದು ಕಷ್ಟವಿತ್ತು.

ಅದೇ ವರ್ಷ ವರ್ಜೀನಿಯಾದ ಪೀಟರ್ಸ್‌ಬರ್ಗಿನಲ್ಲಿ ಒಂದು ಎಡವಟ್ಟು ನಡೆಯಿತು. ಉತ್ತರದ ಸೈನ್ಯದಲ್ಲಿದ್ದ ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಯ ಕೆಲಸಗಾರರು ಶತ್ರುಗಳ ಬುರುಜಿನ ಕೆಳಗೆ 511 ಅಡಿ ಸುರಂಗ ತೋಡಿ 8,000 ಪೌಂಡು ಮದ್ದು ತುಂಬಿದರು. ಕೊಟ್ಟಿದ್ದ ಬತ್ತಿ ತುಂಡು ತುಂಡು. ಗಂಟು ಹಾಕಿದ ಕಡೆ ಕಿಡಿ ಆರಿತು, ಇಬ್ಬರು ಒಳಗೆ ತೆವಳಿ ಮತ್ತೆ ಹಚ್ಚಿದರು. ಜುಲೈ 30ರ ಬೆಳಗಿನ 4 ಗಂಟೆ 44 ನಿಮಿಷಕ್ಕೆ ಬುರುಜು ಹಾರಿತು. ಹೊಂಡದ ಪಕ್ಕದಿಂದ ನುಗ್ಗಬೇಕೆಂದು ತರಬೇತಾಗಿದ್ದ ಕಪ್ಪು ಸೈನಿಕರನ್ನು ಹಿಂದಿನ ದಿನ ಹಿಂದಕ್ಕೆ ಸರಿಸಿ, ತರಬೇತಿಲ್ಲದ ತುಕಡಿಯನ್ನು ಚೀಟಿ ಎತ್ತಿ ಮುಂದೆ ಬಿಟ್ಟಿದ್ದರು. ಅವರು ಹೊಂಡದೊಳಗೇ ಇಳಿದರು. ಮೂವತ್ತಡಿ ಆಳದ ಹೊಂಡ, ಹತ್ತಲು ಏಣಿಯಿಲ್ಲ. ಮೇಲಿನಿಂದ ಹೊಡೆಯುವವರಿಗೆ ಅದು ಕೆರೆಯ ಮೀನು.

ಅಲ್ಲಿಂದ ಎಂಟು ತಿಂಗಳು ಗ್ರಾಂಟ್ ಮಾಡಿದ್ದು ಆ ಊರಿಗೆ ಬರುವ ಹಳಿಗಳನ್ನು ಒಂದೊಂದಾಗಿ ಕತ್ತರಿಸುವ ಕೆಲಸ. 1865ರ ಏಪ್ರಿಲ್ 1ರ ಫೈವ್ ಫೋರ್ಕ್ಸ್ ಗೆಲುವಿನಿಂದ ಉಳಿದ ಒಂದೂ ಹೋಯಿತು. ಲೀ ಪಶ್ಚಿಮಕ್ಕೆ ಓಡಿದ. ಅಮೀಲಿಯಾ ಎಂಬ ಊರಿನಲ್ಲಿ ಊಟ ಕಾದಿರುತ್ತದೆ ಎಂದುಕೊಂಡಿದ್ದ, ಅಲ್ಲಿ ಸಿಕ್ಕಿದ್ದು ಮದ್ದುಗುಂಡು. 8ರ ಸಂಜೆ ಅಪೊಮ್ಯಾಟಕ್ಸ್ ಸ್ಟೇಷನ್ನಿನಲ್ಲಿ ನಿಂತಿದ್ದ ಅವನ ಊಟದ ರೈಲುಗಳನ್ನು ಉತ್ತರದ ಸವಾರರು ಹಿಡಿದರು. ಮರುದಿನ ಲೀ ಶರಣಾದ. ಕುದುರೆ, ಹೇಸರಗತ್ತೆ ಇದ್ದವರು ಉಳುಮೆಗೆಂದು ಮನೆಗೆ ಹೊಡೆದುಕೊಂಡು ಹೋಗಲು ಗ್ರಾಂಟ್ ಒಪ್ಪಿದ. ಊಟ ಎಷ್ಟು ಜನಕ್ಕೆ ಬೇಕು ಎಂದು ಕೇಳಿದ. ಸುಮಾರು 25,000 ಎಂದ ಲೀ. ಎರಡು ಮೂರು ಮೈಲಿ ಆಚೆ ಸ್ಟೇಷನ್ನಿನಲ್ಲಿ ನಿಮ್ಮಿಂದ ಹಿಡಿದ ಗಾಡಿಗಳಿವೆ, ನಿಮ್ಮವರನ್ನು ಕಳಿಸಿ ತರಿಸಿಕೊಳ್ಳಿ ಎಂದ ಗ್ರಾಂಟ್.

ನಮಸ್ಕಾರ.