ಮುಳುಗಿದ ಕಂಪನಿ, ಉಳಿದ ನೆಲ

(ದೃಶ್ಯ: ಚರ್ಚ್‌ಗೇಟ್ ಸ್ಟೇಷನ್, ಬೆಳಗಿನ ಗರ್ದಿ)

ನಮಸ್ಕಾರ. ಬೊರಿವಲಿ, ಗೋರೆಗಾಂವ್‌ನಿಂದ ಫೋರ್ಟ್ ಕಡೆ ಕೆಲಸಕ್ಕೆ ಬರುವ ನಮ್ಮ ಕನ್ನಡಿಗರು ದಿನಾ ಹಾಯುವ ಹಳಿ ಇದು. ಮರೀನ್ ಲೈನ್ಸ್ ದಾಟಿದ ಮೇಲೆ ಈ ಹಳಿ ಇರುವ ನೆಲಕ್ಕೂ ದಿವಾಳಿ ಎದ್ದ ಒಂದು ಕಂಪನಿಗೂ ನಂಟಿದೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ನಿಂತುಹೋಯಿತು. ನಮ್ಮ ಧಾರವಾಡ ಸೀಮೆಯ ಹತ್ತಿಗೂ ಭಾರೀ ಬೆಲೆ ಬಂತು. ಬೊಂಬಾಯಿಯಲ್ಲಿ ದುಡ್ಡು ಹೊಳೆಯಾಗಿ ಹರಿಯಿತು. ಆ ದುಡ್ಡಿನಲ್ಲಿ ಹುಟ್ಟಿದ್ದೇ ಬ್ಯಾಕ್ ಬೇ ರಿಕ್ಲಮೇಷನ್ ಕಂಪನಿ. ಊರಿನ ಪಶ್ಚಿಮ ದಂಡೆಯ ಬ್ಯಾಕ್ ಬೇ ಕೊಲ್ಲಿಯಲ್ಲಿ ಕಡಲು ತುಂಬಿ ನೆಲ ಮಾಡುತ್ತೇವೆ ಅಂದರು. ಶೇರು ಮುಖಬೆಲೆಯ ಹಲವು ಪಟ್ಟು ಏರಿತು.

1865ರಲ್ಲಿ ಯುದ್ಧ ಮುಗಿಯಿತು. ಹತ್ತಿಯ ಬೆಲೆ ಬಿತ್ತು, ಶೇರುಗಳೂ ಬಿದ್ದವು. ವಾಯಿದೆ ವ್ಯವಹಾರ ಅಂದರೆ ಶೇರು ಈಗ ಕೊಂಡು ಹಣ ಮುಂದೆ ಕೊಡುವುದು; ಜುಲೈ 1ರಂದು ಅದನ್ನು ಚುಕ್ತಾ ಮಾಡಬೇಕಿತ್ತು. ಯಾರ ಕೈಯಲ್ಲೂ ಹಣವಿಲ್ಲ! ಮನೆಗಳು ಹಾಳಾದವು, ಕಂಪನಿ ಮುಚ್ಚಿತು.

ತುಂಬಿದ ತೀರ ಮಾತ್ರ ಎಲ್ಲಿಗೂ ಹೋಗಲಿಲ್ಲ. ಸರ್ಕಾರ ಅದನ್ನು ವಹಿಸಿಕೊಂಡಿತು. ಆ ನೆಲದ ಒಂದು ಪಟ್ಟಿ ರೈಲು ಹಳಿಗೆ ಸಿಕ್ಕಿತು. ಇದನ್ನು ಒಳ್ಳೆಯದಾಯಿತು ಅಂತ ಸುಮ್ನೆ ಹೇಳಿಬಿಡಲು ನನಗೆ ಮನಸ್ಸಿಲ್ಲ. ಕಳೆದುಕೊಂಡವರು ಒಬ್ಬರು, ಲಾಭ ಪಡೆದವರು ಇನ್ನೊಬ್ಬರು, ಅಲ್ವಾ?

(ದೃಶ್ಯ: ಮರೀನ್ ಡ್ರೈವ್, ಕಲ್ಲಿನ ಗೋಡೆ)

1920ರ ದಶಕದಲ್ಲಿ ಗವರ್ನರ್ ಲಾಯ್ಡ್ ಕಾಲದ ಸರ್ಕಾರ ಮತ್ತೆ ಅದೇ ಕಡಲಿಗೆ ಕೈ ಹಾಕಿತು. ತುಂಬಬೇಕಿದ್ದದ್ದು 1,145 ಎಕರೆ. ಹೂಳೆತ್ತುವ ಹಡಗು, ಅಂದರೆ ಡ್ರೆಜರ್, ಬಂದರಿನ ತಳದಿಂದ ಕೆಸರು ಎತ್ತಿ ಪೈಪಿನಲ್ಲಿ ತಂದು ಸುರಿಯುತ್ತಿತ್ತು. ಕಡಲಿಗೆ ಅಡ್ಡ ಕಟ್ಟಿದ ಗೋಡೆಯ ಸಂದಿಗಳಿಂದ ಅದು ವಾಪಸ್ ಸಮುದ್ರಕ್ಕೆ ಸೋರುತ್ತಿತ್ತು. ಖರ್ಚು ಮಾತ್ರ ಏರುತ್ತಲೇ ಹೋಯಿತು. ವಕೀಲ ಕೆ.ಎಫ್. ನರಿಮನ್ ಇದನ್ನೆಲ್ಲ ಬಯಲಿಗೆಳೆದರು. ಈ ಕಾಮಗಾರಿಯ ಎಂಜಿನಿಯರ್ ಹಾರ್ವೆ ಅವರ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿದರು. 1928ರಲ್ಲಿ ನರಿಮನ್ ಖುಲಾಸೆಯಾದರು. ನರಿಮನ್ ಪಾಯಿಂಟ್ ಅನ್ನುವ ಹೆಸರು ಅವರದೇ.

ಕೊನೆಗೆ ಸಿಕ್ಕಿದ್ದು 439 ಎಕರೆ. ಅದರಲ್ಲೂ ಒಂದು ಭಾಗ ಸೈನ್ಯಕ್ಕೆ ಹೋಯಿತು. ಉಳಿದದ್ದರಲ್ಲಿ 1930ರ ದಶಕದಲ್ಲಿ ಸಿಮೆಂಟು ಕಾಂಕ್ರೀಟಿನ ಮನೆಗಳು ಎದ್ದವು. ದುಂಡು ಬಾಲ್ಕನಿ, ಕಿಟಕಿಯ ಮೇಲೆ ಉದ್ದುದ್ದ ಚಜ್ಜಾ, ಗಾಳಿಗೆ ದಾರಿ. ಆರ್ಟ್ ಡೆಕೋ ಶೈಲಿ. ನನಗಂತೂ ಮುಂಬೈಯಲ್ಲಿ ಇದಕ್ಕಿಂತ ಚೆಂದದ ಸಾಲು ಇಲ್ಲ.

ಭಾನುವಾರ ಓವಲ್ ಮೈದಾನಕ್ಕೆ ಹೋಗಿ, ನಡುವೆ ನಿಲ್ಲಿ. ಪೂರ್ವಕ್ಕೆ 1878ರಲ್ಲಿ ಮುಗಿದ ರಾಜಾಬಾಯಿ ಗೋಪುರ. ಶೇರು ಭರಾಟೆಯ ದೊರೆ ಪ್ರೇಮ್‌ಚಂದ್ ರಾಯ್‌ಚಂದ್ ದಿವಾಳಿಗೆ ಮೊದಲೇ ಕೊಟ್ಟ ಹಣ ಅದು. ಪಶ್ಚಿಮಕ್ಕೆ ಕಡಲು ತುಂಬಿದ ನೆಲದ ಮೇಲಿನ ಮನೆಗಳು. ಎರಡೂ ಬದಿ ಸೇರಿ 2018ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ.