ಪುಟ್ಟ ವಿಮಾನ, ದೊಡ್ಡ ನಿಲ್ದಾಣ

ಕೇಳುಗರೆಲ್ಲರಿಗೂ ನಮಸ್ಕಾರ.

ಲಘು ವಿಮಾನವನ್ನು ಹಾರಿಸಲು ಕಲಿತವರಿಗೆ, ಕಲಿಯುತ್ತಿರುವವರಿಗೆ, ಎಂದಾದರೊಂದು ದಿನ ಕಲಿಯಲೇಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುವವರಿಗೆ ಈ ಹೊತ್ತಿನ ನನ್ನ ಮಾತು. ನಾಲ್ಕು ಆಸನಗಳ, ಒಂದೇ ಎಂಜಿನ್ನಿನ ವಿಮಾನದಲ್ಲಿ ಗಡಿ ದಾಟಿ ಹೋಗಿ, ಜೆಟ್‌ಗಳು ಒಂದರ ಹಿಂದೊಂದು ಇಳಿಯುತ್ತಿರುವ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ಇಳಿಯುವುದು ಹೇಗೆ ಎಂದು ತರಬೇತಿಗೆ ಬರುವವರು ನನ್ನನ್ನು ಕೇಳುತ್ತಲೇ ಇರುತ್ತಾರೆ. ಅವರ ಪ್ರಶ್ನೆಗಳೆಲ್ಲ ಆಕಾಶಕ್ಕೆ ಸಂಬಂಧಿಸಿದವು. ದೊಡ್ಡ ವಿಮಾನಗಳ ಸಾಲಿನಲ್ಲಿ ನುಸುಳುವುದು ಹೇಗೆ, ವೇಗ ಸಾಲದಿದ್ದರೆ ಏನು ಗತಿ, ವಿಮಾನಗಳ ಸಂಚಾರವನ್ನು ನಡೆಸುವ ನಿಯಂತ್ರಕರು ಗದರಿಸುತ್ತಾರೆಯೇ, ಇಂಥವೇ. ಇಳಿದ ಮೇಲೆ ಏನು ಮಾಡಬೇಕೆಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳದಿದ್ದರೂ ನಾನು ಅದನ್ನೇ ಹೇಳುತ್ತೇನೆ, ಏಕೆಂದರೆ ದೊಡ್ಡ ನಿಲ್ದಾಣದಲ್ಲಿ ಕಷ್ಟವಿರುವುದು ಆಕಾಶದಲ್ಲಲ್ಲ, ನೆಲದ ಮೇಲೆ.

ಆಕಾಶದಲ್ಲಿ ನಿಮ್ಮನ್ನು ರಾಡಾರ್ ಪರದೆಯ ಮೇಲೆ ಒಬ್ಬರು ನೋಡುತ್ತಿರುತ್ತಾರೆ. ಇಷ್ಟು ಡಿಗ್ರಿಗೆ ತಿರುಗಿ, ಇಷ್ಟು ಅಡಿಗೆ ಇಳಿಯಿರಿ ಎನ್ನುತ್ತಾರೆ; ನೀವು ತಿರುಗುತ್ತೀರಿ, ಇಳಿಯುತ್ತೀರಿ. ಸೆಸ್ನಾ 172ರಂಥ ವಿಮಾನ ರನ್‌ವೇಯನ್ನು ಸಮೀಪಿಸುವುದು ಸುಮಾರು 65 ನಾಟ್, ಅಂದರೆ ಗಂಟೆಗೆ ಸುಮಾರು 120 ಕಿಲೋಮೀಟರ್ ವೇಗದಲ್ಲಿ, ಅದರ ಹಿಂದೆ ಬರುವ ಜೆಟ್ಟಿನ ವೇಗ ಅದರ ಎರಡರಷ್ಟು. ಹಾಗಾಗಿ ಕೊನೆಯ ಕೆಲವು ಮೈಲಿಗಳವರೆಗೂ ವೇಗವನ್ನು ಕಾಯ್ದುಕೊಳ್ಳಿ ಎಂದು ನಿಯಂತ್ರಕರು ಕೇಳುತ್ತಾರೆ. ಕೇಳಲಿ, ಅದು ಅಭ್ಯಾಸದಿಂದ ಬರುವ ವಿದ್ಯೆ. ರನ್‌ವೇ ಮೂರು ಕಿಲೋಮೀಟರಿಗೂ ಉದ್ದವಿರುತ್ತದೆ, ನಿಮಗೆ ಬೇಕಾದದ್ದು ಕೆಲವು ನೂರು ಮೀಟರ್. ಅಂಚಿನಲ್ಲೇ ಇಳಿದು ಎರಡು ಕಿಲೋಮೀಟರ್ ತೆವಳುತ್ತಾ ಎಲ್ಲರನ್ನೂ ಕಾಯಿಸುವ ಬದಲು, ಅನುಮತಿ ಕೇಳಿ ಮುಂದೆ ಹೋಗಿ, ನೀವು ಹೊರಬೀಳಬೇಕಾದ ತಿರುವಿನ ಸಮೀಪದಲ್ಲಿ ಇಳಿಯಿರಿ. ಇಷ್ಟು ಉದ್ದದ, ಇಷ್ಟು ಅಗಲದ, ಇಷ್ಟೊಂದು ದೀಪಗಳಿರುವ ರನ್‌ವೇಯ ಮೇಲೆ ಇಳಿಯಲಾಗದವರು ಬೇರೆಲ್ಲಿಯೂ ಇಳಿಯಲಾರರು.

ನಿಜವಾದ ಪರೀಕ್ಷೆ ಶುರುವಾಗುವುದು ಚಕ್ರಗಳು ನೆಲ ಮುಟ್ಟಿದ ಮೇಲೆ. ರನ್‌ವೇಯನ್ನು ನೋಡಿಕೊಳ್ಳುವ ಟವರ್‌ನವರು ಅದರಿಂದ ಹೊರಬರಲು ಹೇಳಿ, ನೆಲದ ಮೇಲಿನ ಓಡಾಟವನ್ನು ನೋಡಿಕೊಳ್ಳುವ ಗ್ರೌಂಡ್ ನಿಯಂತ್ರಕರಿಗೆ ನಿಮ್ಮನ್ನು ಒಪ್ಪಿಸುತ್ತಾರೆ, ಅವರು ಒಂದೇ ಉಸಿರಿನಲ್ಲಿ ದಾರಿಗಳ ಹೆಸರಿನ ನಾಲ್ಕು ಅಕ್ಷರ, ಮೂರು ಅಂಕಿ, ಎರಡು ತಿರುವು ಹೇಳಿ ಮುಗಿಸಿಬಿಡುತ್ತಾರೆ. ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ನಿಲ್ದಾಣದಲ್ಲಿ ಆರು ರನ್‌ವೇಗಳಿವೆ, ಅವುಗಳ ನಡುವೆ ಹೆಣೆದುಕೊಂಡಿರುವ ಟ್ಯಾಕ್ಸಿವೇಗಳ, ಅಂದರೆ ವಿಮಾನಗಳು ನೆಲದ ಮೇಲೆ ಸಾಗುವ ದಾರಿಗಳ ನಕ್ಷೆಯನ್ನು ಮೊದಲ ಸಲ ಕಂಡವರು ಅದನ್ನು ಯಾವ ಕಡೆಯಿಂದ ಹಿಡಿಯಬೇಕೆಂದೇ ತಡಕಾಡುತ್ತಾರೆ. ದೊಡ್ಡ ಜೆಟ್ಟಿನ ಪೈಲಟ್ ಎತ್ತರದಲ್ಲಿ ಕುಳಿತು ಮುಂದಿನ ಎರಡು ತಿರುವುಗಳನ್ನು ನೋಡಬಲ್ಲ. ನಿಮ್ಮ ಕಣ್ಣು ಇರುವುದು ನೆಲದಿಂದ ಒಂದಾಳೆತ್ತರದಲ್ಲಿ. ಅಲ್ಲಿಂದ ಕಾಣುವುದೆಲ್ಲ ಕಾಂಕ್ರೀಟು ಮತ್ತು ದೀಪಗಳು. ಆದ್ದರಿಂದ ಹೊರಡುವ ಮುನ್ನವೇ ನಕ್ಷೆಯ ಮೇಲೆ ಬೆರಳಿಟ್ಟು, ಯಾವ ರನ್‌ವೇಯಲ್ಲಿ ಇಳಿದರೆ ಯಾವ ದಾರಿ ಎಂದು ಓಡಾಡಿಬಿಡಬೇಕು. ನಡುವೆ ಯಾವ ರನ್‌ವೇಯನ್ನು ದಾಟಬೇಕಾಗುತ್ತದೆ ಎಂಬುದನ್ನು ಕೆಂಪು ಶಾಯಿಯಲ್ಲಿ ಗುರುತಿಸಿಕೊಳ್ಳಬೇಕು.

ಬಣ್ಣಗಳು ಎಲ್ಲ ದೇಶಗಳಲ್ಲೂ ಒಂದೇ, ಬಾಯಿಪಾಠ ಮಾಡಿಕೊಳ್ಳಿ. ಕಪ್ಪು ಹಿನ್ನೆಲೆಯಲ್ಲಿ ಹಳದಿ ಅಕ್ಷರವಿದ್ದರೆ ನೀವು ನಿಂತಿರುವ ದಾರಿಯ ಹೆಸರು; ಹಳದಿ ಹಿನ್ನೆಲೆಯಲ್ಲಿ ಕಪ್ಪು ಅಕ್ಷರವಿದ್ದರೆ ಮುಂದೆ ಸಿಗುವ ದಾರಿ; ಕೆಂಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರವಿದ್ದರೆ ಅದರಾಚೆ ರನ್‌ವೇ. ಟ್ಯಾಕ್ಸಿವೇಯ ಅಂಚಿನಲ್ಲಿ ನೀಲಿ ದೀಪ, ನಡುಗೆರೆಯಲ್ಲಿ ಹಸಿರು ದೀಪ. ಅಡ್ಡಸಾಲಿನಲ್ಲಿ ಕೆಂಪು ದೀಪಗಳು ಉರಿಯುತ್ತಿದ್ದರೆ, ದಾಟಿ ಎಂದು ರೇಡಿಯೋದಲ್ಲಿ ಯಾರು ಹೇಳಿದರೂ ದಾಟಬಾರದು. ದೀಪ ಆರುವವರೆಗೆ ನಿಲ್ಲಿ, ನಿಂತು ಕೇಳಿ.

ಈ ‘ನಿಲ್ಲಿ, ನಿಂತು ಕೇಳಿ’ ಎಂಬ ಮಾತನ್ನು ನಾನು ಇನ್ನೂ ಹಲವು ಸಲ ಹೇಳಲಿದ್ದೇನೆ, ದಯವಿಟ್ಟು ಸಹಿಸಿಕೊಳ್ಳಬೇಕು. ಅದಕ್ಕೆ ಕಾರಣವಾದ ಘಟನೆಯನ್ನು ನನ್ನ ಪ್ರತಿಯೊಂದು ತರಗತಿಯಲ್ಲೂ ಹೇಳುತ್ತೇನೆ, ಇಲ್ಲಿಯೂ ಹೇಳದೆ ಬಿಡಲಾರೆ.

ಇಟಲಿಯ ಮಿಲಾನ್ ನಗರದ ಲಿನಾಟೆ ವಿಮಾನ ನಿಲ್ದಾಣ, 2001ರ ಅಕ್ಟೋಬರ್ 8ರ ಬೆಳಿಗ್ಗೆ. ದಟ್ಟವಾದ ಮಂಜು. ಕೊಲೋನ್ ನಗರದಿಂದ ಬಂದಿಳಿದ ಸೆಸ್ನಾ ಸೈಟೇಷನ್ ಎಂಬ ಸಣ್ಣ ಖಾಸಗಿ ಜೆಟ್ಟೊಂದು ಇಬ್ಬರು ಪ್ರಯಾಣಿಕರನ್ನು ಹತ್ತಿಸಿಕೊಂಡು ಪ್ಯಾರಿಸ್ಸಿಗೆ ಹೊರಡಲು ಸಿದ್ಧವಾಗಿ ಪಶ್ಚಿಮದ ನಿಲುಗಡೆಯ ಜಾಗದಲ್ಲಿ ನಿಂತಿತ್ತು. ಅಷ್ಟು ಕಡಿಮೆ ಗೋಚರತೆಯಲ್ಲಿ ಇಳಿಯುವ ಅರ್ಹತೆ ಅದರ ಪೈಲಟ್‌ಗಳಿಗೆ ಇರಲಿಲ್ಲ, ಆದರೂ ಇಳಿದಿದ್ದರು. ಅಲ್ಲಿಂದ ಎರಡು ಟ್ಯಾಕ್ಸಿವೇಗಳು ಕವಲೊಡೆಯುತ್ತಿದ್ದವು. ಎಡಕ್ಕೆ ಹೋಗುವ ರೋಮಿಯೋ 5 (ರೇಡಿಯೋ ಭಾಷೆಯಲ್ಲಿ ಆರ್ ಅಕ್ಷರವೇ ರೋಮಿಯೋ) ರನ್‌ವೇಯ ಉತ್ತರದ ತುದಿಯನ್ನು ಬಳಸಿಕೊಂಡು ಆಚೆಗೆ ತಲುಪಿಸುತ್ತಿತ್ತು; ಬಲಕ್ಕೆ ಹೋಗುವ ರೋಮಿಯೋ 6 ನೇರವಾಗಿ ರನ್‌ವೇಯನ್ನೇ ಅಡ್ಡಹಾಯುತ್ತಿತ್ತು. ಉತ್ತರಕ್ಕೆ, ರೋಮಿಯೋ 5ರ ಮೂಲಕ ಸಾಗಿ, ಮುಖ್ಯ ರನ್‌ವೇಯ ವಿಸ್ತರಣೆಯ ಬಳಿ ನಿಂತು ತಿಳಿಸಿ ಎಂದು ನಿಯಂತ್ರಕರು ಹೇಳಿದರು. ಪೈಲಟ್ ಅದನ್ನು ಮರಳಿ ಹೇಳುವಾಗ ರೋಮಿಯೋ 5 ಎಂದರು, ಆದರೆ ‘ಉತ್ತರಕ್ಕೆ’ ಎಂಬುದೂ ‘ವಿಸ್ತರಣೆ’ ಎಂಬುದೂ ಅವರ ಬಾಯಿಂದ ಬರಲಿಲ್ಲ. ಬಿಟ್ಟುಹೋದದ್ದನ್ನು ನಿಯಂತ್ರಕರೂ ಎತ್ತಿ ಹೇಳಲಿಲ್ಲ.

ವಿಮಾನ ಹೊರಟಿತು, ಬಲಕ್ಕೆ ತಿರುಗಿತು. ಸ್ವಲ್ಪ ದೂರದಲ್ಲಿ ನೆಲದ ಮೇಲೆ ಎಸ್ 4 ಎಂಬ ಗುರುತು ಕಂಡದ್ದರಿಂದ ಪೈಲಟ್ ಅದನ್ನು ಪ್ರಾಮಾಣಿಕವಾಗಿಯೇ ವರದಿ ಮಾಡಿದರು. ಆ ಗುರುತು ನಿಯಂತ್ರಕರ ನಕ್ಷೆಯಲ್ಲೇ ಇರಲಿಲ್ಲ! ಕೇಳುಗರೇ, ಇಲ್ಲಿ ಒಂದು ಕ್ಷಣ ಗಮನಿಸಿ. ಎಸ್ 4 ಎಲ್ಲಿದೆ ಎಂದು ನಿಯಂತ್ರಕರು ಕೇಳಲಿಲ್ಲ, ನಾನು ಎಲ್ಲಿದ್ದೇನೆ ಎಂದು ಪೈಲಟ್ ಕೇಳಲಿಲ್ಲ. ವಿಮಾನ ಉತ್ತರಕ್ಕೆ ಸಾಗುತ್ತಿಲ್ಲ ಎಂಬುದನ್ನು ಕಾಕ್‌ಪಿಟ್ಟಿನ ದಿಕ್ಸೂಚಿ ತೋರಿಸುತ್ತಿತ್ತು, ಅದರ ಕಡೆಗೂ ಯಾರ ಕಣ್ಣೂ ಹರಿಯಲಿಲ್ಲ. ವಿಮಾನ ರೋಮಿಯೋ 5ರಲ್ಲೇ ಇದೆ ಎಂದು ಇಬ್ಬರೂ ನಂಬಿದ್ದರು, ಒಬ್ಬರ ನಂಬಿಕೆ ಇನ್ನೊಬ್ಬರದನ್ನು ಗಟ್ಟಿ ಮಾಡುತ್ತಾ ಹೋಯಿತು. ನಿಲ್ಲಬೇಕಾದ ಗುರುತನ್ನು ದಾಟಿ ಆ ಪುಟ್ಟ ವಿಮಾನ ರನ್‌ವೇಯ ಮೇಲೆ ಬಂದಿತು. ಅದೇ ಹೊತ್ತಿಗೆ, ಬೇರೊಂದು ತರಂಗಾಂತರದಲ್ಲಿ ಟವರ್‌ನಿಂದ ಅನುಮತಿ ಪಡೆದ ಎಂಡಿ-87 ಎಂಬ ದೊಡ್ಡ ಪ್ರಯಾಣಿಕ ಜೆಟ್ ವಿಮಾನ ಕೋಪನ್‌ಹೇಗನ್ನಿಗೆ ಹೊರಟು, ಇನ್ನೇನು ನೆಲ ಬಿಡುವ ವೇಗದಲ್ಲಿ ಧಾವಿಸಿ ಬರುತ್ತಿತ್ತು. ಎರಡೂ ಡಿಕ್ಕಿಯಾದವು, ದೊಡ್ಡ ವಿಮಾನ ಹೋಗಿ ಕಟ್ಟಡವೊಂದಕ್ಕೆ ಬಡಿಯಿತು. ಆ ವಿಮಾನದಲ್ಲಿದ್ದ 110 ಮಂದಿ, ಸೆಸ್ನಾದಲ್ಲಿದ್ದ ನಾಲ್ವರು, ರನ್‌ವೇಯ ಕೊನೆಯಲ್ಲಿದ್ದ ಸಾಮಾನು ಸಾಗಣೆಯ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ ನಾಲ್ವರು, ಒಟ್ಟು 118 ಜನ ತೀರಿಕೊಂಡರು.

ನೆಲದ ರಾಡಾರ್ ಅಂದು ಕೆಲಸ ಮಾಡುತ್ತಿರಲಿಲ್ಲ, ಫಲಕಗಳು ಮತ್ತು ಗುರುತುಗಳು ಸರಿಯಾಗಿರಲಿಲ್ಲ ಎಂಬುದೆಲ್ಲ ತನಿಖೆಯಲ್ಲಿ ಹೊರಬಿತ್ತು, ಅದರ ಬಗ್ಗೆ ಗಂಟೆಗಟ್ಟಲೆ ಮಾತನಾಡಬಹುದು. ಆದರೆ ಪರದೇಶದ ನಿಲ್ದಾಣದ ರಾಡಾರನ್ನು ನೀವು ರಿಪೇರಿ ಮಾಡಲಾರಿರಿ, ಫಲಕಗಳನ್ನು ಬದಲಿಸಲಾರಿರಿ. ನಿಮ್ಮ ಪಾದಗಳ ಕೆಳಗೆ ಇರುವುದು ಬ್ರೇಕ್. ಹಾರುತ್ತಿರುವ ವಿಮಾನವನ್ನು ನಿಲ್ಲಿಸಿಕೊಂಡು ಯೋಚಿಸಲಾಗದು, ನೆಲದ ಮೇಲಿರುವ ವಿಮಾನವನ್ನು ನಿಲ್ಲಿಸಬಹುದು. ಇಷ್ಟು ದೊಡ್ಡ ಅನುಕೂಲವನ್ನು ಜನರು ಸಂಕೋಚದಿಂದ ಕಳೆದುಕೊಳ್ಳುತ್ತಾರಲ್ಲ, ಅದು ನನಗೆ ಇಂದಿಗೂ ಅರ್ಥವಾಗದ ಸಂಗತಿ. ಹಿಂದೆ ನಾಲ್ಕು ಜೆಟ್‌ಗಳು ಸಾಲುಗಟ್ಟಿರಬಹುದು, ನಿಯಂತ್ರಕರ ದನಿ ಬಿರುಸಾಗಬಹುದು. ಆಗಲಿ. ಪಕ್ಕಾ ಗೊತ್ತಿಲ್ಲದ ತಿರುವಿನಲ್ಲಿ ನಿಲ್ಲಿ, ನಾನು ಈ ನಿಲ್ದಾಣಕ್ಕೆ ಹೊಸಬ, ಹಂತ ಹಂತವಾಗಿ ದಾರಿ ಹೇಳಿ ಎಂದು ಕೇಳಿ. ಹಾಗೆ ಕೇಳಿದವರಿಗೆ ಒಂದೊಂದೇ ತಿರುವನ್ನು ಹೇಳಿಕೊಡುತ್ತಾರೆ, ಕೆಲವೆಡೆ ಮುಂದೆ ದಾರಿ ತೋರಿಸಲು ಹಳದಿ ಕಾರನ್ನೇ ಕಳುಹಿಸುತ್ತಾರೆ. ನಿಂತಿದ್ದೀರಿ ಎಂಬುದನ್ನು ಹೇಳುವಾಗ ಒಂದು ಎಚ್ಚರಿಕೆ: ನಿಂತಿರುವುದು ರನ್‌ವೇಯ ಮೇಲೆ ಇರಬಹುದೆಂಬ ಅನುಮಾನವಿದ್ದರೆ, ಎಲ್ಲಕ್ಕಿಂತ ಮೊದಲು ಅದನ್ನೇ ಹೇಳಿ.

ನನ್ನ ವೇಳೆಯಲ್ಲಿ ಹೆಚ್ಚಿನದನ್ನು ಲಿನಾಟೆಯೇ ತೆಗೆದುಕೊಂಡಿತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಕಾಗದಪತ್ರಗಳ ವಿಷಯ ಜನರು ಅಂದುಕೊಂಡಷ್ಟು ಘೋರವಲ್ಲ. ವಿಮಾನದ ನೋಂದಣಿ ಪತ್ರ, ಹಾರಾಟ ಯೋಗ್ಯತೆಯ ಪತ್ರ, ಪೈಲಟ್‌ನ ಲೈಸೆನ್ಸ್, ಪ್ರಯಾಣದ ಲಾಗ್ ಪುಸ್ತಕ, ರೇಡಿಯೋ ಲೈಸೆನ್ಸ್, ಪ್ರಯಾಣಿಕರ ಪಟ್ಟಿ, ಇವೆಲ್ಲ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನದ 1944ರ ಷಿಕಾಗೋ ಒಪ್ಪಂದದಲ್ಲೇ ಇವೆ. ಜೊತೆಗೆ ವಿಮೆಯ ಪತ್ರವನ್ನೂ ಇಟ್ಟುಕೊಳ್ಳಿ. ಕಸ್ಟಮ್ಸ್ ಮತ್ತು ವಲಸೆ ತಪಾಸಣೆ ಇರುವ ನಿಲ್ದಾಣದಲ್ಲೇ ಮೊದಲು ಇಳಿಯಬೇಕು, ಫ್ಲೈಟ್ ಪ್ಲಾನ್, ಅಂದರೆ ಹಾರಾಟದ ಯೋಜನೆಯನ್ನು ಮುಂಚಿತವಾಗಿ ಸಲ್ಲಿಸಿರಬೇಕು. ಗಿಜಿಗುಡುವ ನಿಲ್ದಾಣಗಳಲ್ಲಿ ಪೂರ್ವಾನುಮತಿಯೂ ನಿಗದಿತ ಸಮಯದ ಸ್ಲಾಟೂ ನೆಲದ ಮೇಲಿನ ವ್ಯವಸ್ಥೆಗಳನ್ನು ನೋಡಿಕೊಳ್ಳುವ ಹ್ಯಾಂಡ್ಲಿಂಗ್ ಏಜೆಂಟರೂ ಬೇಕಾಗುತ್ತಾರೆ, ಶುಲ್ಕವನ್ನು ಮೊದಲೇ ಕೇಳಿಕೊಳ್ಳದಿದ್ದರೆ ಆಮೇಲೆ ಗೊಣಗಬೇಡಿ. ಇಂಗ್ಲಿಷಿನಲ್ಲಿ ಸಂಭಾಷಿಸಲು ಅಂತರರಾಷ್ಟ್ರೀಯ ವಿಮಾನಯಾನದ ಭಾಷಾ ಮಾಪನದ ನಾಲ್ಕನೆಯ ಹಂತದ ಪ್ರಾವೀಣ್ಯವಾದರೂ ಲೈಸೆನ್ಸಿನಲ್ಲಿ ನಮೂದಾಗಿರಬೇಕು.

ಸುಳಿಗಾಳಿಯ ಬಗ್ಗೆಯೂ ಒಂದು ಮಾತು. ಭಾರದ ವಿಮಾನದ ರೆಕ್ಕೆಗಳ ತುದಿಯಿಂದ ಹೊರಡುವ ಸುಳಿಗಳು ಹಿಂದೆ ಉಳಿದು ನಿಧಾನವಾಗಿ ಕೆಳಕ್ಕಿಳಿಯುತ್ತವೆ, ಲಘು ವಿಮಾನವನ್ನು ಮಗುಚಿಹಾಕುವಷ್ಟು ಬಲ ಅವಕ್ಕಿದೆ. ಮುಂದೆ ಇಳಿದ ಜೆಟ್ಟಿನ ದಾರಿಗಿಂತ ಮೇಲೆಯೇ ಬನ್ನಿ, ಅದು ನೆಲ ಮುಟ್ಟಿದ ಜಾಗವನ್ನು ದಾಟಿ ಇಳಿಯಿರಿ. ರಾಡಾರ್ ನಿಯಂತ್ರಕರು ಭಾರದ (‘ಹೆವಿ’) ವರ್ಗದ ವಿಮಾನದ ಹಿಂದೆ ನಿಮಗೆ ಆರು ನಾಟಿಕಲ್ ಮೈಲಿ ಅಂತರ ಕೊಡುತ್ತಾರೆ. ಮರಳಿ ಹೊರಡುವಾಗ ಅಂಥ ವಿಮಾನ ಮೇಲೇರಿದ ಮೇಲೆ ಎರಡು ನಿಮಿಷ ಕಾಯಬೇಕು. ರನ್‌ವೇಯ ಆರಂಭದಿಂದಲ್ಲದೆ ನಡುವಿನಿಂದ ಹೊರಡುವುದಾದರೆ ಮೂರು ನಿಮಿಷ. ಬೇಗ ಹೊರಡುವಿರಾ ಎಂದು ಟವರ್‌ನವರು ಕೇಳಿದರೂ, ಇನ್ನಷ್ಟು ಕಾಯುವ ಹಕ್ಕು ನಿಮ್ಮದು. ಕಾಯುತ್ತೇನೆ ಎಂದು ಹೇಳಿ, ಕೆಂಪು ಫಲಕದ ಈಚೆಗೇ ನಿಂತಿರಿ.

ನಮಸ್ಕಾರ.