35 ಸಾವಿರದಲ್ಲಿ ಡೆಸ್ಕ್‌ಟಾಪ್: ಕೊಡಗಿನ ಮಳೆ, ಕರೆಂಟು, ನಮ್ಮ ಬಜೆಟ್ಟು

ಎಲ್ಲರಿಗೂ ನಮಸ್ಕಾರ. ಕೊಡಗಿನಲ್ಲಿ ಕಂಪ್ಯೂಟರ್ ತಗೊಳ್ಳುವುದಾದರೆ ಮೊದಲು ಯುಪಿಎಸ್‌ಗೆ (ಕರೆಂಟ್ ಹೋದಾಗ ಬ್ಯಾಟರಿಯಿಂದ ಕಂಪ್ಯೂಟರ್ ನಡೆಸುವ ಡಬ್ಬಿ) ದುಡ್ಡು ತೆಗೆದಿಡಿ, ಉಳಿದಿದ್ದರಲ್ಲಿ ಕಂಪ್ಯೂಟರ್ ನೋಡಿ. ಇದೇನು ಉಲ್ಟಾ ಹೇಳ್ತಿದ್ದಾರೆ ಅನ್ನಿಸಬಹುದು. ಬೆಂಗಳೂರಿನವರು ಮಾಡಿದ ವಿಡಿಯೋಗಳಲ್ಲಿ ಯುಪಿಎಸ್ ವಿಷಯ ಕೊನೆಗೆ ಒಂದು ಸಾಲಲ್ಲಿ ಬರುತ್ತದೆ, ಬಂದರೆ. ನಮ್ಮ ಕಡೆ ಜೂನ್‌ನಲ್ಲಿ ಒಂದು ಸಿಲ್ವರ್ ಓಕ್ ಮರ ಲೈನ್ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಯಾರಿಗೂ ಹೇಳಲಿಕ್ಕಾಗುವುದಿಲ್ಲ.

ನಮ್ಮ ಮನೆ ನಾಪೋಕ್ಲು ಕಡೆ. ಬಜೆಟ್ 35 ಸಾವಿರ. ಮಾನಿಟರ್, ಕೀಬೋರ್ಡ್, ಯುಪಿಎಸ್ ಎಲ್ಲಾ ಸೇರಿ. ಕೆಲಸ ಏನು ಅಂದರೆ ಈ ಚಾನೆಲ್‌ನ ವಿಡಿಯೋ ಎಡಿಟಿಂಗ್, ಅಪ್ಪನ ತೋಟದ ಲೆಕ್ಕ, ತಂಗಿಯ ಆನ್‌ಲೈನ್ ಕ್ಲಾಸು, ಆಗಾಗ ಪಹಣಿ ಪ್ರಿಂಟು. ಗೇಮ್ ಆಡುವವರು ಮನೆಯಲ್ಲಿ ಯಾರೂ ಇಲ್ಲ, ಅದು ದೊಡ್ಡ ಉಳಿತಾಯ. "ಲ್ಯಾಪ್‌ಟಾಪೇ ತಗೊಂಡರೆ ಆಗಲ್ವಾ, ಕರೆಂಟ್ ಹೋದರೂ ನಡೆಯುತ್ತಲ್ಲ" ಅಂತ ಅಪ್ಪ ಕೇಳಿದರು. ಸರಿಯಾದ ಪ್ರಶ್ನೆಯೇ. ಆದರೆ ಅಷ್ಟೇ ದುಡ್ಡಿನ ಲ್ಯಾಪ್‌ಟಾಪ್‌ನಲ್ಲಿ ಸ್ಕ್ರೀನ್ ಚಿಕ್ಕದು, ಎಷ್ಟೋ ಮಾಡೆಲ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಅಂಟಿರುತ್ತದೆ, ಏನಾದರೂ ಕೆಟ್ಟರೆ ಬೋರ್ಡೇ ಬದಲಾಯಿಸಬೇಕು ಅಂತಾರೆ. ಡೆಸ್ಕ್‌ಟಾಪ್ ಆದರೆ ಒಂದು ಸ್ಕ್ರೂಡ್ರೈವರ್ ಇದ್ದರೆ ಕೆಟ್ಟ ಪಾರ್ಟ್ ಮಾತ್ರ ಬಿಚ್ಚಿ ಬೇರೆ ಹಾಕಬಹುದು. ರಿಪೇರಿಗೆ ಘಟ್ಟ ಇಳಿದು ಹೋಗಬೇಕಾದ ಜಾಗದಲ್ಲಿ ಇದು ಸಣ್ಣ ವಿಷಯ ಅಲ್ಲ.

ಈಗ ಅಂಗಡಿಗೆ ಹೋಗೋಣ. ಮೊದಲು ನೋಡಿದ ಅಂಗಡಿಯಲ್ಲಿ ಒಳಗೆ ಕೆಂಪು, ನೀಲಿ ಲೈಟ್ ಉರಿಯುವ ಗಾಜಿನ ಕ್ಯಾಬಿನೆಟ್ ತೋರಿಸಿದರು. "ಐ7 ಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಇಷ್ಟು ಕಡಿಮೆಗೆ ಎಲ್ಲೂ ಸಿಗಲ್ಲ." ಯಾವ ಐ7 ಅಂತ ಕೇಳಿದೆ. ಐ7 ಅಷ್ಟೇ ಅಂದರು. ಆನ್ ಮಾಡಿಸಿ ನೋಡಿದರೆ ಐ7-3770. ಅದು 2012ರಲ್ಲಿ ಬಂದ ಪ್ರೊಸೆಸರ್, ಅಂದರೆ ಕಂಪ್ಯೂಟರ್ ನಡೆಸುವ ಮುಖ್ಯ ಚಿಪ್. ಗ್ರಾಫಿಕ್ಸ್ ಕಾರ್ಡ್ ಜಿಟಿ 730, ಅದು 2014ರದ್ದು. ಹಳೇ ಜೀಪಿಗೆ ಹೊಸ ಪೇಂಟ್ ಹೊಡೆದ ಹಾಗೆ. ಓಡುತ್ತದೆ, ಇಲ್ಲ ಅನ್ನಲ್ಲ. ಆದರೆ ಹೊಸ ಜೀಪಿನ ರೇಟ್ ಯಾಕೆ ಕೊಡಬೇಕು?

ಅದಕ್ಕೇ ಇಂಟೆಲ್ ಕಂಪನಿಯ ಪ್ರೊಸೆಸರ್ ನಂಬರ್ ಓದಲು ಕಲಿತುಕೊಳ್ಳಿ, ಎರಡು ನಿಮಿಷದ ಕೆಲಸ. ಐ3, ಐ5, ಐ7 ಆದಮೇಲೆ ಬರುವ ನಂಬರಿನ ಶುರುವೇ ಎಷ್ಟನೇ ಜನರೇಶನ್, ಅಂದರೆ ಎಷ್ಟನೇ ತಲೆಮಾರು ಅಂತ ಹೇಳುತ್ತದೆ. 3770 ಅಂದರೆ ಮೂರನೆಯದು. 8500 ಅಂದರೆ ಎಂಟನೆಯದು. 12100 ಅಂದರೆ ಹನ್ನೆರಡನೆಯದು. ನಾಲ್ಕು ಕೋರಿನ (ಕೋರ್ ಅಂದರೆ ಪ್ರೊಸೆಸರಿನೊಳಗೆ ಕೆಲಸ ಮಾಡುವ ಭಾಗ) ಹೊಸ ಐ3-12100, ಆ ಹಳೇ ಐ7ನನ್ನು ಆರಾಮಾಗಿ ಹಿಂದೆ ಹಾಕುತ್ತದೆ. ನಂಬರಿನ ಕೊನೆಯಲ್ಲಿ ಎಫ್ ಅಂತ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಹಾಕದಿದ್ದರೆ ಮಾನಿಟರ್‌ನಲ್ಲಿ ಏನೂ ಬರುವುದಿಲ್ಲ. 12100 ಎಫ್ ಸ್ವಲ್ಪ ಕಡಿಮೆಗೆ ಸಿಕ್ಕಿತು ಅಂತ ಖುಷಿಪಟ್ಟು ತಂದು ಆಮೇಲೆ ಕಾರ್ಡಿಗೆ ದುಡ್ಡು ಹುಡುಕುವವರಿದ್ದಾರೆ.

ಎಂಟನೇ ಜನರೇಶನ್ನಿಗಿಂತ ಕೆಳಗೆ ಇಳಿಯಬೇಡಿ ಅಂತ ನಾನು ಹೇಳುವುದಕ್ಕೆ ಕಾರಣ ವಿಂಡೋಸ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕು ಅಂದರೆ ಟಿಪಿಎಂ 2.0 (ಭದ್ರತೆಯ ಚಿಪ್) ಇರಬೇಕು, ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ಜನರೇಶನ್ ಮೇಲೆ, ಇನ್ನೊಂದು ಪ್ರೊಸೆಸರ್ ಕಂಪನಿ ಎಎಂಡಿಯಲ್ಲಿ ರೈಜನ್ 2000 ಸರಣಿಯ ಮೇಲೆ ಇರಬೇಕು. ಅದಕ್ಕಿಂತ ಹಳೇದಕ್ಕೂ ಏನೇನೋ ಮಾಡಿ ಹಾಕಿಕೊಡುತ್ತಾರೆ. ಮುಂದೆ ಅಪ್‌ಡೇಟ್ ಬರದಿದ್ದರೆ ಅವರನ್ನು ಎಲ್ಲಿ ಹುಡುಕುತ್ತೀರಿ? ಮನೆಯಲ್ಲಿ ಆಗಲೇ ಹಳೇ ಕಂಪ್ಯೂಟರ್ ಇದ್ದರೆ ಬಿಸಾಡಬೇಡಿ, ಒಂದು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ಬೇಗ ಓಡುವ ಡ್ರೈವ್) ಹಾಕಿ, ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿ, ಬ್ರೌಸರ್‌ಗೂ ಲೆಕ್ಕ ಬರೆಯುವುದಕ್ಕೂ ಧಾರಾಳ ಸಾಕು. ದುಡ್ಡು ಕೊಟ್ಟು ಅಂಥದ್ದನ್ನು ತರಬೇಡಿ ಅಂತ ಅಷ್ಟೇ ನನ್ನ ಮಾತು.

ಹೊಸದಾಗಿ ಅಸೆಂಬಲ್ ಮಾಡಿಸಬೇಕು ಅನ್ನುವುದೇ ನನ್ನ ಮೊದಲ ಆಸೆ. ರೈಜನ್ 5 5600ಜಿ ತಲೆಯಲ್ಲಿತ್ತು. ಆರು ಕೋರ್, ಹನ್ನೆರಡು ಥ್ರೆಡ್, ಒಳಗೇ ಗ್ರಾಫಿಕ್ಸ್ ಇದೆ. ಆದರೆ 2025ರ ಕೊನೆಯಿಂದ ರ‍್ಯಾಮ್ ರೇಟ್ ನೋಡಿದ್ದೀರಾ? ಎಐ ಸರ್ವರ್‌ಗಳಿಗೆ ಬೇಕಾದ ಮೆಮೊರಿಗೇ ಕಂಪನಿಗಳು ಫ್ಯಾಕ್ಟರಿ ಬಿಟ್ಟುಕೊಟ್ಟಿದ್ದರಿಂದ ನಮ್ಮಂಥವರು ಹಾಕುವ ಡಿಡಿಆರ್4, ಡಿಡಿಆರ್5 ಅನ್ನುವ ಮೆಮೊರಿ ಎರಡೂ ಏರಿಬಿಟ್ಟವು. ಅಲ್ಲೆಲ್ಲೋ ಡೇಟಾ ಸೆಂಟರ್ ಕಟ್ಟಿದರೆ ಇಲ್ಲಿ ನಾಪೋಕ್ಲಿನಲ್ಲಿ ನಮ್ಮ ಬಜೆಟ್ ಕೆಡುತ್ತದೆ, ನೋಡಿ. ಮೈಸೂರಿನ ಅಂಗಡಿಯವರು ಬರೆದುಕೊಟ್ಟ ಕೊಟೇಶನ್‌ನಲ್ಲಿ ಸಿಪಿಯು ಡಬ್ಬಿಗೇ 35 ಸಾವಿರ ದಾಟಿತ್ತು, ಮಾನಿಟರ್ ಇಲ್ಲದೆ.

ಹಾಗಾಗಿ ರಿಫರ್ಬಿಶ್ಡ್. ದೊಡ್ಡ ಆಫೀಸುಗಳು ಮೂರ್ನಾಲ್ಕು ವರ್ಷ ಬಳಸಿ ಒಟ್ಟಿಗೇ ಬಿಡುವ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೀಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಇವೆಲ್ಲ ಮೈಸೂರಿನಲ್ಲೂ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲೂ ಸಿಗುತ್ತವೆ. ಆನ್‌ಲೈನ್‌ನಲ್ಲೂ ಇದೆ, ಆದರೆ ಹಳೇ ಮಾಲನ್ನು ಕಣ್ಣಲ್ಲಿ ನೋಡದೆ ತರಿಸುವುದು ನನಗೆ ಸರಿ ಅನ್ನಿಸಲ್ಲ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಬೆಂಗಳೂರು ಅದರ ಎರಡು ಪಟ್ಟಿಗೂ ಹೆಚ್ಚು. ವಾರಂಟಿಗೆ ಮತ್ತೆ ಹೊತ್ತುಕೊಂಡು ಹೋಗಬೇಕಾದರೆ ಯಾವುದು ಹತ್ತಿರ? ಎಸ್‌ಪಿ ರೋಡ್‌ನಲ್ಲಿ ಉಳಿಯುವ ಸಾವಿರ ರೂಪಾಯಿ ಬಸ್ ಚಾರ್ಜಿಗೂ ಊಟಕ್ಕೂ ಹೋಗುತ್ತದೆ.

ತಗೊಂಡಿದ್ದು ಐ5-8500, ಆರು ಕೋರ್, 2018ರಲ್ಲಿ ಬಂದದ್ದು. 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. 17,500 ರೂಪಾಯಿ, ಜಿಎಸ್‌ಟಿ ಬಿಲ್ ಸಮೇತ, ಒಂದು ವರ್ಷ ಅಂಗಡಿ ವಾರಂಟಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಕೇಳುವುದಕ್ಕೆ ನಾಚಿಕೆ ಬೇಡ. 16 ಜಿಬಿ ಒಂದೇ ಕಡ್ಡಿಯಲ್ಲಿ ಬೇಡ, ಎಂಟೆಂಟರ ಎರಡು ಹಾಕಿಸಿ. ಒಳಗಿನ ಗ್ರಾಫಿಕ್ಸ್ ಇದೇ ರ‍್ಯಾಮನ್ನು ಬಳಸುವುದರಿಂದ ಎರಡು ಚಾನೆಲ್, ಅಂದರೆ ಡೇಟಾ ಹೋಗಿಬರಲು ಎರಡು ದಾರಿ ಇದ್ದರೆ ವ್ಯತ್ಯಾಸ ಕಾಣುತ್ತದೆ.

ಸ್ಕ್ರೀನ್ ಮೇಲೆ ನೋಡಿ, ಇದು ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನುವ ಪುಕ್ಕಟೆ ಸಾಫ್ಟ್‌ವೇರ್, ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋಗಿದ್ದೆ. ಎಸ್‌ಎಸ್‌ಡಿ ಎಷ್ಟು ಗಂಟೆ ಓಡಿದೆ, ಆರೋಗ್ಯ ಎಷ್ಟು ಪರ್ಸೆಂಟ್ ಅಂತ ಅಂಗಡಿಯಲ್ಲೇ ಗೊತ್ತಾಗುತ್ತದೆ. ಬಯಾಸ್‌ಗೆ (ವಿಂಡೋಸ್‌ಗೂ ಮೊದಲು ಓಡುವ ಸೆಟ್ಟಿಂಗ್ ಪುಟ) ಹಳೇ ಆಫೀಸಿನ ಪಾಸ್‌ವರ್ಡ್ ಉಳಿದಿದೆಯಾ ನೋಡಿ, ಉಳಿದಿದ್ದರೆ ಆ ಪೀಸ್ ಬಿಟ್ಟು ಇನ್ನೊಂದು ಕೇಳಿ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಆಕ್ಟಿವೇಶನ್ ನೋಡಿ. ಆಮೇಲೆ ಸೈಡ್ ಪ್ಯಾನೆಲ್ ತೆಗೆಸಿ, ಧೂಳು ಎಷ್ಟಿದೆ, ತುಕ್ಕು ಇದೆಯಾ, ಕೆಪಾಸಿಟರ್ ತಲೆ ಉಬ್ಬಿದೆಯಾ ನೋಡಿ. ಅಂಗಡಿಯವರು ಮುಖ ಗಂಟು ಹಾಕಿಕೊಂಡರೆ ಹಾಕಿಕೊಳ್ಳಲಿ.

ಇನ್ನೊಂದು ವಿಷಯ ಇದೆ, ಇದನ್ನು ಯಾರೂ ಹೇಳಲ್ಲ. ಇದೇ ಮಾಡೆಲ್‌ಗಳು ಎರಡು ಮೂರು ಸೈಜಿನಲ್ಲಿ ಬರುತ್ತವೆ. ಪುಸ್ತಕದಷ್ಟು ತೆಳ್ಳಗಿರುವುದು ನೋಡಲು ಚೆಂದ, ಬಸ್ಸಿನಲ್ಲಿ ತರಲೂ ಸುಲಭ, ರೇಟೂ ಕಡಿಮೆ. ಆದರೆ ಅದರ ಎಸ್‌ಎಂಪಿಎಸ್, ಅಂದರೆ ಒಳಗೆ ಎಲ್ಲಕ್ಕೂ ಕರೆಂಟ್ ಕೊಡುವ ಡಬ್ಬಿ, ಆ ಕಂಪನಿಯದ್ದೇ ವಿಶೇಷ ಅಳತೆಯದ್ದು, ಮುಂದೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಲು ಜಾಗವೂ ಇಲ್ಲ, ಪವರೂ ಇಲ್ಲ. ನಾನು ಟವರ್, ಅಂದರೆ ದೊಡ್ಡ ಡಬ್ಬಿಯದ್ದೇ ತಗೊಂಡೆ. ಇದರಲ್ಲೂ ಕೆಲವು ಕನೆಕ್ಟರ್ ಕಂಪನಿಯದ್ದೇ, ಆದರೂ ಕೈಯಾಡಿಸಲು ಜಾಗ ಇದೆ. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಸುಂಟಿಕೊಪ್ಪ ಅಂತ ಇಡೀ ದಾರಿ ತೊಡೆ ಮೇಲೆ ಇಟ್ಟುಕೊಂಡು ಬಂದೆ. ಪಕ್ಕದ ಸೀಟಿನ ಅಜ್ಜ ಒಬ್ಬರು ಮಿಕ್ಸಿಯಾ ಅಂತ ಕೇಳಿದರು.

ಎಡಿಟಿಂಗ್ ಹೇಗೆ ನಡೆಯುತ್ತದೆ? ಫುಲ್ ಎಚ್‌ಡಿ ಆರಾಮ. ಇಂಟೆಲ್‌ನ ಒಳಗಿನ ಗ್ರಾಫಿಕ್ಸ್‌ನಲ್ಲಿ ಕ್ವಿಕ್ ಸಿಂಕ್ ಅಂತ ಇದೆ, ಫೋನಿನಲ್ಲಿ ತೆಗೆದ, ಕುಗ್ಗಿಸಿಟ್ಟ ವಿಡಿಯೋವನ್ನು ತೋರಿಸಲು ಬಿಡಿಸುವುದು, ಕೊನೆಗೆ ಎಕ್ಸ್‌ಪೋರ್ಟ್ ಮಾಡುವುದು ಅದರಿಂದ ಬೇಗ ಆಗುತ್ತದೆ. 4ಕೆ ಹಾಕಿದರೆ ಟೈಮ್‌ಲೈನ್ ತಡವರಿಸುತ್ತದೆ, ಆಗ ಪ್ರಾಕ್ಸಿ, ಅಂದರೆ ಎಡಿಟಿಂಗಿಗೆ ಮಾತ್ರ ಬಳಸುವ ಹಗುರ ಪ್ರತಿ ಮಾಡಿಕೊಳ್ಳಬೇಕು. ಈ ವಿಡಿಯೋ ಕೆಡೆನ್‌ಲೈವ್‌ನಲ್ಲಿ ಮಾಡಿದ್ದು, ಒಂದು ಪೈಸೆ ಖರ್ಚಿಲ್ಲ. ಅಪ್ಪನ ಲೆಕ್ಕಕ್ಕೆ ಲಿಬ್ರೆಆಫೀಸ್, ಅದೂ ಪುಕ್ಕಟೆ. ಕುಯ್ಲಿನ ಕೂಲಿ, ಕಾಳುಮೆಣಸಿನ ಮಾರಾಟ ಎಲ್ಲಾ ಕನ್ನಡದಲ್ಲೇ ಟೈಪ್ ಮಾಡುತ್ತಿದ್ದಾರೆ, ಒಂದೊಂದೇ ಬೆರಳಿನಲ್ಲಿ.

ಮಾನಿಟರ್ ಬಗ್ಗೆ ಹೆಚ್ಚು ಹೇಳಲ್ಲ. 22 ಇಂಚು, ಐಪಿಎಸ್, ಫುಲ್ ಎಚ್‌ಡಿ, ಹೊಸದು, ಏಳು ಸಾವಿರ. ಕೀಬೋರ್ಡ್ ಮೌಸ್ 800.

ಈಗ ಯುಪಿಎಸ್. ಡಬ್ಬಿ ಮೇಲೆ 600 ವಿಎ ಅಂತ ಇದ್ದರೆ ಅದು 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360 ವ್ಯಾಟ್. ಒಳಗೆ ಇರುವುದು 12 ವೋಲ್ಟ್, 7 ಆಂಪಿಯರ್ ಅವರ್‌ನ ಒಂದೇ ಪುಟ್ಟ ಬ್ಯಾಟರಿ. ನಮ್ಮಂಥ ಸಣ್ಣ ಕಂಪ್ಯೂಟರಿಗೆ ಹದಿನೈದು ಇಪ್ಪತ್ತು ನಿಮಿಷ ಬರುತ್ತದೆ, ಫೈಲ್ ಸೇವ್ ಮಾಡಿ ಆಫ್ ಮಾಡಲು ಸಾಕು. ನಾನು 1 ಕೆವಿಎಯದ್ದು (ಅಂದರೆ 1000 ವಿಎ), ಎರಡು ಬ್ಯಾಟರಿ ಇರುವುದು, 5,500ಕ್ಕೆ ತಗೊಂಡೆ. ಯಾಕೆಂದರೆ ವೈಫೈ ರೂಟರನ್ನೂ ಅದಕ್ಕೇ ಹಾಕಿದ್ದೇನೆ. ಬ್ಯಾಟರಿ ಎರಡು ಮೂರು ವರ್ಷಕ್ಕೆ ಹೋಗುತ್ತದೆ, ಬರೀ ಬ್ಯಾಟರಿ ಬದಲಾಯಿಸಿದರೆ ಆಯಿತು, ಇಡೀ ಯುಪಿಎಸ್ ಗುಜರಿಗೆ ಕೊಡಬೇಡಿ.

ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ, ಯುಪಿಎಸ್ ಯಾಕೆ ಅಂತ ಕೇಳುತ್ತೀರಿ. ಇನ್ವರ್ಟರ್ ಸ್ಕ್ವೇರ್ ವೇವ್‌ದೋ ಸೈನ್ ವೇವ್‌ದೋ ಮೊದಲು ನೋಡಿ. ಸೈನ್ ವೇವ್ ಅಂದರೆ ಲೈನಿನಲ್ಲಿ ಬರುವ ಕರೆಂಟಿನ ಹಾಗೇ ನಯವಾದ ಅಲೆ, ಸ್ಕ್ವೇರ್ ವೇವ್ ಅಂದರೆ ಒರಟು ಅಲೆ. ಸ್ಕ್ವೇರ್ ವೇವ್ ಆದರೆ ಫ್ಯಾನ್ ಗುಂಯ್ ಅನ್ನುತ್ತದೆ, ಅದೇ ಗುರುತು. ಈಗಿನ ಒಳ್ಳೆ ಎಸ್‌ಎಂಪಿಎಸ್‌ಗಳಿಗೆ ಅದು ಆಗಿಬರುವುದಿಲ್ಲ, ಎಷ್ಟೋ ಯುಪಿಎಸ್‌ಗಳು ಅದನ್ನು ಕರೆಂಟ್ ಅಂತಲೇ ಒಪ್ಪದೆ ತಮ್ಮ ಬ್ಯಾಟರಿಯನ್ನೇ ಖಾಲಿ ಮಾಡಿಕೊಳ್ಳುತ್ತವೆ. ಪ್ಯೂರ್ ಸೈನ್ ವೇವ್ ಇನ್ವರ್ಟರ್ ಇದ್ದರೆ ಸಾಮಾನ್ಯವಾಗಿ ಒಂದು ಸ್ವಿಚ್ ಇರುತ್ತದೆ, ಅದನ್ನು ಯುಪಿಎಸ್ ಮೋಡ್‌ಗೆ ಹಾಕಿದರೆ ಕರೆಂಟ್ ಹೋದಾಗ ಬೇಗ ಬದಲಾಗುತ್ತದೆ, ಬಹಳ ಸಲ ಕಂಪ್ಯೂಟರ್ ಆಫ್ ಆಗದೆ ನಡೆಯುತ್ತದೆ. ಆದರೆ ಆ ಮೋಡ್‌ನಲ್ಲಿ ವೋಲ್ಟೇಜ್ ಸ್ವಲ್ಪ ಏರಿಳಿದರೂ ಬ್ಯಾಟರಿಗೆ ಹೋಗಿಬಿಡುತ್ತದೆ. ನಮ್ಮ ಕಡೆ ಸಂಜೆ ಪಂಪ್‌ಸೆಟ್ ಎಲ್ಲಾ ಶುರುವಾದಾಗ ವೋಲ್ಟೇಜ್ ಹೇಗಿರುತ್ತದೆ ಅಂತ ನಿಮಗೇ ಗೊತ್ತು.

ಉಳಿದ ದುಡ್ಡು ಅರ್ತಿಂಗ್‌ಗೆ ಹೋಯಿತು. ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತಿತ್ತು, ಎಲೆಕ್ಟ್ರಿಷಿಯನ್ ಅಣ್ಣ ಬಂದು ನೋಡಿದರೆ ಮೂರು ಪಿನ್ನಿನ ಪ್ಲಗ್ ಇದೆ, ಗೋಡೆಯೊಳಗೆ ಅರ್ತ್ ವೈರೇ ಇಲ್ಲ. ಹಳೇ ಮನೆಗಳಲ್ಲಿ ಇದು ಮಾಮೂಲು. ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ, ಹೊಸ ವೈರ್ ಎಳೆದರು. ಅರ್ತ್ ಇಲ್ಲದಿದ್ದರೆ ಸ್ಪೈಕ್ ಬಸ್ಟರ್ (ದಿಢೀರ್ ಏರುವ ವೋಲ್ಟೇಜ್ ತಡೆಯುವ ಪ್ಲಗ್ ಪಟ್ಟಿ) ಹಾಕಿಯೂ ಹೆಚ್ಚು ಪ್ರಯೋಜನ ಇಲ್ಲ, ಏಕೆಂದರೆ ಹೆಚ್ಚಾಗಿ ಬಂದ ಕರೆಂಟ್ ಹೋಗುವುದಕ್ಕೆ ದಾರಿ ಬೇಕಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ಎಲ್ಲರೂ ಕಾಯುತ್ತೇವೆ, ಅದರ ಜೊತೆಗೇ ಗುಡುಗು ಸಿಡಿಲು. ಆಗ ಯುಪಿಎಸ್, ಸ್ಪೈಕ್ ಬಸ್ಟರ್ ಯಾವುದನ್ನೂ ನಂಬಬೇಡಿ. ಗುಡುಗು ದೂರದಲ್ಲಿ ಕೇಳಿದ ಕೂಡಲೇ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಲ್ಯಾನ್ ಕೇಬಲ್ಲೂ ತೆಗೆಯಿರಿ. ಇಂಟರ್ನೆಟ್ ಫೈಬರಿನ ಗಾಜಿನ ಎಳೆಯಲ್ಲಿ ಸಿಡಿಲು ಬರುವುದಿಲ್ಲ ನಿಜ, ಆದರೆ ರೂಟರಿನ ಅಡಾಪ್ಟರ್ ಕರೆಂಟಿನ ಗೋಡೆಗೇ ಸಿಕ್ಕಿಕೊಂಡಿರುತ್ತದೆ.

ಮಳೆಗಾಲದ ಥಂಡಿಗೆ ಒಂದೇ ಔಷಧಿ, ದಿನಾ ಸ್ವಲ್ಪ ಹೊತ್ತು ಆನ್ ಮಾಡುವುದು. ಒಳಗಿನ ಬಿಸಿಗೇ ತೇವ ಆರುತ್ತದೆ. ಟೇಬಲನ್ನು ಹೊರಗೋಡೆಯಿಂದ ಒಂದು ಅಡಿ ಮುಂದೆ ಎಳೆದಿಡಿ, ಸಿಪಿಯುವನ್ನು ನೆಲದ ಮೇಲೆ ಇಡಬೇಡಿ. ಹಿಂದುಗಡೆ ಖಾಲಿ ಸ್ಲಾಟ್‌ಗಳಿಗೆ ತಗಡಿನ ಪಟ್ಟಿ ಇದೆಯಾ ನೋಡಿ, ಇಲ್ಲದಿದ್ದರೆ ಬೆಚ್ಚಗಿದೆ ಅಂತ ಹಲ್ಲಿ, ಇರುವೆ ಒಳಗೆ ಸಂಸಾರ ಹೂಡುತ್ತವೆ. ಪ್ಲಾಸ್ಟಿಕ್ ಕವರ್ ಹೊದಿಸುವ ಅಭ್ಯಾಸ ಅವ್ವನಿಗೆ ಇದೆ, ಎಲ್ಲರ ಮನೆಯಲ್ಲೂ ಇರುತ್ತದೆ ಅಲ್ವಾ? ಹೊದಿಸುವುದಾದರೆ ಹಳೇ ಕಾಟನ್ ಬಟ್ಟೆ ಹೊದಿಸಿ, ಅದೂ ಆಫ್ ಮಾಡಿ ಪೂರ್ತಿ ತಣ್ಣಗಾದ ಮೇಲೆ.